ನೀಲಕ್ಕನ ಇಂಗ್ಲಿಷು

ಹೋದ ತಿಂಗಳು ನಮ್ಮ ಓಣಿಯ ಕರೆಂಟಿನ ತಂತಿಯೊಂದು ಜೋತುಬಿದ್ದು ಹಿತ್ತಲಿನ ಪೇರಲ ಗಿಡಕ್ಕೆ ತಾಗತೊಡಗಿತು. ಹಾನಗಲ್ಲಿನ ಕರೆಂಟ್ ಆಫೀಸಿಗೆ ಒಂದು ಅರ್ಜಿ ಬರೆಯಲು ಕುಳಿತೆ. ಕನ್ನಡದಲ್ಲಿ ಬರೆದರೆ ಓದುತ್ತಾರೆ, ಇಂಗ್ಲಿಷಿನಲ್ಲಿ ಬರೆದರೆ ಹೆದರುತ್ತಾರೆ ಎಂಬುದು ನಮ್ಮ ಕಾಲದವರ ನಂಬಿಕೆ. ನಿವೃತ್ತಳಾಗಿ ಎಷ್ಟೋ ವರ್ಷವಾದರೂ ಈ ಊರಿಗೆ ನಾನಿನ್ನೂ ‘ಇಂಗ್ಲಿಷ್ ಟೀಚರ್’. ಆ ಬಿರುದಿಗೆ ಕುಂದು ಬರಬಾರದಲ್ಲ! ‘ಐ ಮೋಸ್ಟ್ ಹಂಬ್ಲಿ ಬೆಗ್ ಟು ಬ್ರಿಂಗ್ ಟು ಯುವರ್ ಕೈಂಡ್ ನೋಟೀಸ್’ ಎಂದು ಶುರು ಮಾಡಿ ಒಂದು ಪುಟ ತುಂಬಿಸಿದೆ.

ನನ್ನ ಮೊಮ್ಮಗಳು ಅದನ್ನು ಇಸಿದುಕೊಂಡು ತನ್ನ ಫೋನಿಗೆ ತೋರಿಸಿದಳು. ನಾವು ಬರೆದ ಇಂಗ್ಲಿಷನ್ನು ಇಂಗ್ಲಿಷ್ ಜನ ಆಡುವ ಹಾಗೆ ತಿದ್ದಿಕೊಡುವ ಏನೋ ಒಂದು ಅದರಲ್ಲಿದೆಯಂತೆ. ಕಣ್ಣು ಮಿಟುಕಿಸುವುದರಲ್ಲಿ ನನ್ನ ಒಂದು ಪುಟ ಎರಡು ಸಾಲಾಯಿತು. ತಂತಿ ಜೋತುಬಿದ್ದಿದೆ, ಗಿಡಕ್ಕೆ ತಾಗುತ್ತಿದೆ, ದಯವಿಟ್ಟು ಯಾರನ್ನಾದರೂ ಕಳಿಸಿ. ಅಷ್ಟೇ.

“ಅಜ್ಜಿ, ನೀ ಬರದದ್ದು ತಪ್ಪಿಲ್ಲಂತ. ಆದ್ರ ಯಾರೂ ಹಿಂಗ ಅನ್ನೂದಿಲ್ಲಂತ,” ಎಂದು ಅವಳು ನಕ್ಕಳು.

ನಾನೂ ನಗಬೇಕಾಗಿತ್ತು. ಆದರೆ ಆ ಮಾತು ಕಿವಿಗೆ ಬಿದ್ದದ್ದೇ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟೆ. ಇದೇ ಮಾತನ್ನು ಅರವತ್ತು ವರ್ಷಗಳಿಗೂ ಹಿಂದೆ ಸವಣೂರಿನಲ್ಲಿ ಒಬ್ಬ ಇಂಗ್ಲಿಷ್ ಹೆಣ್ಣುಮಗಳ ಬಾಯಿಂದ ಕೇಳಿದ್ದೆ. ಅವರು ಅದನ್ನು ನನಗೆ ಹೇಳಿದ್ದಲ್ಲ, ನಮ್ಮ ನೀಲಕ್ಕನಿಗೆ.

ನೀಲಕ್ಕ ನನ್ನ ಸ್ವಂತ ಅಕ್ಕ. ಶಿಗ್ಗಾಂವಿಯಲ್ಲಿ ಅಪ್ಪನದು ಅರಿವೆ ಅಂಗಡಿ. ನಮ್ಮ ಮನೆತನದಲ್ಲಿ ಮ್ಯಾಟ್ರಿಕ್ ಪಾಸಾದ ಮೊದಲ ಹೆಣ್ಣುಮಗಳು ಅವಳು. ಪಾಸಾದ ಮೇಲೆ ಮುಂದೇನು ಎಂದು ಯಾರೂ ಯೋಚಿಸಿರಲಿಲ್ಲ. ವರ ಸಿಗುವತನಕ ಸುಮ್ಮನೆ ಕೂಡ್ರುವುದಕ್ಕಿಂತ ಸವಣೂರಿನಲ್ಲಿ ಹಾಸಿಗೆ ಹಿಡಿದಿದ್ದ ದೊಡ್ಡವ್ವನ ಸೇವೆ ಮಾಡಲಿ ಎಂದು ಅಲ್ಲಿಗೆ ಕಳಿಸಿದರು. ದೊಡ್ಡವ್ವನ ಮನೆಯ ಎದುರಿಗೇ ಹೆಂಗಸರ ಒಂದು ಸಣ್ಣ ದವಾಖಾನೆ. ಅದನ್ನು ನಡೆಸುತ್ತಿದ್ದವರು ಇಂಗ್ಲೆಂಡಿನಿಂದ ಬಂದ ಒಬ್ಬ ಡಾಕ್ಟರು. ಅವರ ಹೆಸರು ಊರಿನ ಬಾಯಲ್ಲಿ ಹೊರಳುತ್ತಿರಲಿಲ್ಲ, ಹಾಗಾಗಿ ಎಲ್ಲರಿಗೂ ಅವರು ‘ಡಾಕ್ಟರಬಾಯಿ’. ಎತ್ತರದ ಆಳು, ಬಿಸಿಲಿಗೆ ಕೆಂಪಾದ ಮೂಗು, ಗಂಡಸರು ಹಾಕುವಂಥ ಚಪ್ಪಲಿ. ಸವಣೂರಿನ ಎಳೆಯ ವೀಳ್ಯದೆಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಿಸಿ ತಿನ್ನುವುದನ್ನು ಕಲಿತಿದ್ದರು. ತಿಂದ ಮೇಲೆ ಕೆಂಪಾದ ನಾಲಿಗೆಯನ್ನು ಕನ್ನಡಿಯಲ್ಲಿ ನೋಡಿಕೊಂಡು ತಾವೇ ನಗುತ್ತಿದ್ದರು.

ದೊಡ್ಡವ್ವನನ್ನು ನೋಡಲು ಅವರು ಮನೆಗೆ ಬಂದಾಗ ನೀಲಕ್ಕ ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳಂತೆ. ರೋಗಿಗಳ ಮಾತನ್ನು ತಿಳಿಸಿ ಹೇಳುತ್ತಿದ್ದ ನರ್ಸು ಅದೇ ತಾನೇ ಮದುವೆಯಾಗಿ ಹೋಗಿದ್ದಳು. ಡಾಕ್ಟರಬಾಯಿ ಅಪ್ಪನಿಗೆ ಹೇಳಿಕಳಿಸಿದರು. ಹೆಂಗಸರ ದವಾಖಾನೆ, ಎದುರಿಗೇ ದೊಡ್ಡವ್ವನ ಮನೆ ಎಂದು ಅಪ್ಪ ಹೂಂ ಅಂದ.

ಶಾಲೆಯ ಸೂಟಿ ಬಿಟ್ಟರೆ ಸಾಕು, ನಾನು ಸವಣೂರಿನ ಬಸ್ಸು ಹತ್ತುತ್ತಿದ್ದೆ. ಮಧ್ಯಾಹ್ನ ರೋಗಿಗಳ ಗದ್ದಲ ಮುಗಿದ ಮೇಲೆ ಅವರಿಬ್ಬರೂ ಹಿಂದಿನ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂಡುತ್ತಿದ್ದರು. ನಾನು ಒಂದು ಮೂಲೆಯಲ್ಲಿ ಹತ್ತಿ ಸುತ್ತುತ್ತ ಕೇಳುತ್ತಿದ್ದೆ. ಡಾಕ್ಟರಬಾಯಿ ವ್ಯಾಕರಣ ಕಲಿಸಲಿಲ್ಲ. ನೀಲಕ್ಕ ಆಡಿದ ವಾಕ್ಯವನ್ನು ಪೂರಾ ಕೇಳುತ್ತಿದ್ದರು. ಆಮೇಲೆ ಅನ್ನದಲ್ಲಿ ಹರಳು ಸಿಕ್ಕವರಂತೆ ಒಂದು ಸಲ ಮುಖ ಮಾಡಿ, “ತಪ್ಪಿಲ್ಲ, ನೀಲಾ. ಆದರೆ ಯಾರೂ ಹೀಗೆ ಅನ್ನುವುದಿಲ್ಲ,” ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು.

‘ವಾಟ್ ಈಸ್ ಯುವರ್ ಗುಡ್ ನೇಮ್?’ ಎಂದು ಕೇಳಿದರೆ, ನನಗೊಂದು ಕೆಟ್ಟ ಹೆಸರೂ ಇದೆಯೇನು ಎಂದು ಅವರ ಪ್ರಶ್ನೆ. ‘ಐ ಹ್ಯಾವ್ ಟೇಕನ್ ಮೈ ಮೀಲ್ಸ್’ ಅಂದರೆ, ಎಲ್ಲಿಗೆ ತೆಗೆದುಕೊಂಡು ಹೋದೆ ಎಂದು ನಗು. ನೀಲಕ್ಕನೂ ಬಿಡುವವಳಲ್ಲ. ಡಾಕ್ಟರಬಾಯಿ ಯಾವುದೋ ಪುಸ್ತಕದಿಂದ ಕನ್ನಡ ಕಲಿಯುತ್ತಿದ್ದರು. ಒಮ್ಮೆ ಒಬ್ಬ ಮುದುಕಿಗೆ, “ನಿಮ್ಮ ದೇಹಸ್ಥಿತಿಯು ಹೇಗಿರುತ್ತದೆ?” ಎಂದು ಕೇಳಿದಾಗ ಮುದುಕಿ ಹೆದರಿ ಎದ್ದುನಿಂತಳು. ನೀಲಕ್ಕ ಗಂಭೀರವಾಗಿ, “ತಪ್ಪಿಲ್ರಿ ಬಾಯಿ. ಆದ್ರ ಯಾರೂ ಹಿಂಗ ಅನ್ನೂದಿಲ್ಲ. ‘ಆರಾಮ ಅದೀಯೇನವಾ’ ಅನ್ರಿ,” ಎಂದಳು. ಇಬ್ಬರೂ ನಗುತ್ತ ನಗುತ್ತ ಚಹಾ ಚೆಲ್ಲಿಕೊಂಡರು. ಒಬ್ಬರ ಭಾಷೆಯನ್ನು ಇನ್ನೊಬ್ಬರು ಹೀಗೆ ಹರಳು ಆರಿಸಿ ಹಸನು ಮಾಡಿಕೊಡುವುದನ್ನು ನಾನು ಬೇರೆಲ್ಲೂ ನೋಡಲಿಲ್ಲ.

ಇದೆಲ್ಲ ಬರೀ ಚಹಾದ ಹೊತ್ತಿನ ಆಟ ಎಂದು ತಿಳಿದಿದ್ದೆ. ಒಂದು ದಿನ ಹುಲಗೂರಿನಿಂದ ಚಕ್ಕಡಿಯಲ್ಲಿ ಒಬ್ಬ ಬಸುರಿಯನ್ನು ಕರೆತಂದರು. ಜತೆಗೆ ಬಂದ ಅತ್ತೆ ಇಳಿಯುವ ಮೊದಲೇ ಶುರು ಮಾಡಿದಳು: “ಏನೂ ಆಗಿಲ್ರಿ. ಕೆಲಸಾ ತಪ್ಪಸಾಕ ಸೋಗ ಹಾಕತಾಳ.” ಆ ಹುಡುಗಿಯನ್ನು ಎಲ್ಲಿ ನೋಯುತ್ತದೆ ಎಂದು ಕೇಳಿದರೆ, “ಎಲ್ಲೂ ಬ್ಯಾನಿ ಇಲ್ರಿ. ಜೀವಾ ಒಂಥರಾ ಆಗೇತಿ,” ಅಂದಳು.

ಈಗ ನೀವೇ ಹೇಳಿ, ‘ಜೀವಾ ಒಂಥರಾ ಆಗೇತಿ’ ಎಂಬುದನ್ನು ಇಂಗ್ಲಿಷಿನಲ್ಲಿ ಏನೆನ್ನಬೇಕು? ನಾನಾಗಿದ್ದರೆ ಜೀವಕ್ಕೊಂದು ಶಬ್ದ, ಒಂಥರಕ್ಕೊಂದು ಶಬ್ದ ಹುಡುಕಿ ಸಾಲಾಗಿ ನಿಲ್ಲಿಸುತ್ತಿದ್ದೆ. ನೀಲಕ್ಕ ಆ ಹುಡುಗಿಯ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು: “ಶಿ ಡಸಂಟ್ ಫೀಲ್ ರೈಟ್.”

ಡಾಕ್ಟರಬಾಯಿ ಕೈಯಲ್ಲಿದ್ದುದನ್ನು ಬಿಟ್ಟು ಎದ್ದರು. ರಕ್ತದೊತ್ತಡ ನೋಡಿದರು, ಕಾಲಿನ ಬಾವು ಒತ್ತಿ ನೋಡಿದರು, ಹುಡುಗಿಯನ್ನು ಹಿಂದಕ್ಕೆ ಕಳಿಸಲಿಲ್ಲ. ಹೆರಿಗೆಯಾಗುವತನಕ ಅಲ್ಲೇ ಇರಿಸಿಕೊಂಡರು. ತಾಯಿ ಮಗು ಎರಡೂ ಉಳಿದವು. ಮುಂದೊಂದು ದಿನ ದೊಡ್ಡವ್ವನ ಮುಂದೆ ಅವರು ಹೇಳಿದರು: ಇಷ್ಟು ವರ್ಷ ರೋಗಿಗಳ ಮಾತು ನನಗೆ ಗೋಡೆಯಾಚೆಯಿಂದ ಕೇಳಿದಂತೆ ಕೇಳುತ್ತಿತ್ತು, ಆ ದಿನ ನನ್ನ ತಂಗಿಯೇ ಎದುರಿಗೆ ಕುಳಿತು ಹೇಳಿದ ಹಾಗಾಯಿತು. ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಬೇಕಾದವಳು ನೀಲಕ್ಕನೇ. ಅವಳು ನಾಚಿ, “ಏನೋ ಚಲೋ ಅಂತಾರ,” ಎಂದಷ್ಟೇ ಹೇಳಿದಳು. ಪೂರಾ ಮಾತನ್ನು ರಾತ್ರಿ ನಾನು ಕಾಡಿ ಹೇಳಿಸಿಕೊಂಡೆ.

ಮೂರು ವರ್ಷವಾಗಿರಬೇಕು, ಡಾಕ್ಟರಬಾಯಿಯ ತಾಯಿಗೆ ಇಂಗ್ಲೆಂಡಿನಲ್ಲಿ ಜಡ್ಡಾಯಿತು. ಅವರು ಹೊರಟರು, ದವಾಖಾನೆ ಮುಚ್ಚಿತು. ಅದೇ ಹೊತ್ತಿಗೆ ಹಾನಗಲ್ಲಿನ ಒಂದು ಶಾಲೆಯಲ್ಲಿ ಹುಡುಗಿಯರ ವರ್ಗ ತೆರೆದಿದ್ದರು. ಇಂಗ್ಲಿಷ್ ಕಲಿಸಲು ಬಿ.ಎ. ಆದ ಹೆಣ್ಣುಮಗಳು ಸಿಗದೆ, ಮ್ಯಾಟ್ರಿಕ್ ಆದವರೂ ನಡೆದೀತು, ಇಂಗ್ಲಿಷ್ ಚಲೋ ಇರಬೇಕು ಎಂದಿದ್ದರು. ನೀಲಕ್ಕ ಖುಷಿಯಿಂದ ಅರ್ಜಿ ಹಾಕಿದಳು. ಅವಳಿಗಿಂತ ಚಲೋ ಇಂಗ್ಲಿಷ್ ಈ ನಾಲ್ಕು ತಾಲೂಕಿನಲ್ಲಿ ಯಾರಿಗಿತ್ತು? ಸಂದರ್ಶನಕ್ಕೆ ಅಪ್ಪನ ಜತೆ ನಾನೂ ಹೋದೆ.

ಅಪ್ಪ, ನಾನು ಹೊರಗಿನ ಕಟ್ಟೆಯ ಮೇಲೆ. ಒಳಗಿನ ಮಾತೆಲ್ಲ ಕಿಟಕಿಯಿಂದ ಕೇಳುತ್ತಿತ್ತು. ಚೇರ್ಮನ್ನರು, ಹೆಡ್‌ಮಾಸ್ತರರು, ತಡಸದ ಕಡೆಯ ಒಬ್ಬ ವಕೀಲರು ಕುಳಿತಿದ್ದರು. ಪ್ರಶ್ನೆ ಕೇಳಿದವರು ವಕೀಲರು. ಶಾಲೆಗೆ ದೊಡ್ಡ ಸಾಹೇಬರು ಬಂದರೆ ಹೇಗೆ ಬರಮಾಡಿಕೊಳ್ಳುತ್ತೀ ಎಂದು ಕೇಳಿದರು. ನೀಲಕ್ಕ, “ಗುಡ್ ಮಾರ್ನಿಂಗ್ ಸರ್, ಡು ಕಮ್ ಇನ್,” ಅಂದಳು.

ವಕೀಲರು ನಕ್ಕರು. “ಮಗಳ, ಹಿಂಗ ಹಾಲಿನಾವನ್ನ ಕರೀತಾರ. ಸಾಹೇಬ್ರನ್ನಲ್ಲ.”

ಆಮೇಲೆ ‘ಅವರ ತಾಯಿ ನಿನ್ನೆ ತೀರಿಕೊಂಡರು’ ಎಂಬುದನ್ನು ಇಂಗ್ಲಿಷಿಗೆ ತಿರುಗಿಸಲು ಹೇಳಿದರು. “ಹಿಸ್ ಮದರ್ ಡೈಡ್ ಯೆಸ್ಟರ್ಡೇ,” ಎಂದಳು ನೀಲಕ್ಕ. ವಕೀಲರಿಗೆ ಸಿಟ್ಟೇ ಬಂತು. “ಡೈಡ್? ನಾಯಿ ಸತ್ರೂ ಡೈಡ್, ತಾಯಿ ಸತ್ರೂ ಡೈಡ್? ಮರ್ಯಾದಿ ಎಲ್ಲೈತಿ ಇದರಾಗ? ಹೆವನ್ಲಿ ಅಬೋಡ್‌ಗೆ ಹೋದ್ರು ಅನ್ನಬೇಕು.”

“ಇಂಗ್ಲಿಷ್ ಮಂದಿ ಹಂಗ ಅನ್ನೂದಿಲ್ರಿ,” ಎಂದಳು ನೀಲಕ್ಕ. ದನಿ ಮೆತ್ತಗಿತ್ತು, ಆದರೆ ಹಿಂಜರಿಯಲಿಲ್ಲ.

ಅಲ್ಲಿಯತನಕ ಸುಮ್ಮನಿದ್ದ ಚೇರ್ಮನ್ನರು ಆಗ ಬಾಯಿ ಬಿಟ್ಟರು. “ಇಂಗ್ಲಿಷ್ ಮಂದಿ ಹೋದ್ರವಾ. ಈಗ ಇಲ್ಲಿ ಇರಾವ್ರು ನಾವು.”

ಆ ಮಾತನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ. ಕೆಟ್ಟ ಮನುಷ್ಯರೂ ಅಲ್ಲ; ಹುಡುಗಿಯರಿಗೆ ವರ್ಗ ತೆರೆಯಬೇಕೆಂದು ಹಟ ಹಿಡಿದವರೇ ಅವರು. ಈಗ ಯೋಚಿಸಿದರೆ ಅವರ ಮಾತಿನಲ್ಲಿ ಅರ್ಧ ನ್ಯಾಯವಿತ್ತು ಅನಿಸುತ್ತದೆ. ಆ ದೊಡ್ಡವರಿಗೆ ಇಂಗ್ಲಿಷ್ ಎಂದರೆ ಮದುವೆಗೆ ಸುತ್ತುವ ಜರಿ ರುಮಾಲು. ನೀಲಕ್ಕ ಅದನ್ನು ಹೆಗಲ ಮೇಲಿನ ವಲ್ಲಿವಸ್ತ್ರದ ಹಾಗೆ ತಂದಿಟ್ಟಿದ್ದಳು. ಅದು ನಯವಾದ, ದಿನಾ ಒಗೆದು ಬಳಸುವ ಅರಿವೆ ಎಂಬುದು ಅವರಿಗೆ ತಿಳಿಯುವ ದಾರಿ ಇರಲಿಲ್ಲ.

ಬರುವಾಗ ಬಸ್ಸಿನಲ್ಲಿ ಅಪ್ಪ ಮೂವರ ಟಿಕೇಟು ತೆಗೆಸಿದ. ಆಮೇಲೆ, “ಅವರಿಗೆ ಬೇಕಾದಂಗ ನಾಕ ಮಾತು ಅಂದಿದ್ರ ಏನ ಗಂಟ ಹೋಗತಿತ್ತವಾ?” ಎಂದ.

“ಅನ್ನಬೇಕಂತನ ಮಾಡಿದ್ದೆ, ಅಪ್ಪಾ. ಬಾಯಾಗ ಬರಲಿಲ್ಲ,” ಎಂದಳು ನೀಲಕ್ಕ. ಮುಖ ಕಿಟಕಿಯ ಕಡೆಗಿತ್ತು. ಅವಳು ಅತ್ತಳೋ ಇಲ್ಲವೋ ಗೊತ್ತಿಲ್ಲ. ನನಗೆ ನೋಡುವ ಧೈರ್ಯವಾಗಲಿಲ್ಲ.

ಮರುವರ್ಷವೇ ಅವಳನ್ನು ಹಿರೇಕೆರೂರಿಗೆ ಕೊಟ್ಟರು. ಕಿರಾಣಿ ಅಂಗಡಿಯವರು, ಹೊಲಮನಿ ಇದ್ದವರು, ತುಂಬಿದ ಮನೆ. ಗಂಡ ಒಳ್ಳೆಯವನು. ಆದರೆ ಅಲ್ಲಿ ಇಂಗ್ಲಿಷ್ ಆಡಲು ಯಾರಿದ್ದರು? ಹಿಟ್ಟು ನಾದುವಾಗ, ಜೋಳ ಹಸನು ಮಾಡುವಾಗ ಒಬ್ಬಳೇ ಗುಣುಗುಣು ಅನ್ನುತ್ತಿದ್ದಳಂತೆ. ಸೊಸಿಗೆ ಏನೋ ಬಡಕೊಂಡೇತಿ ಎಂದು ಅತ್ತೆ ಒಂದು ದಿನ ಮಂತ್ರಿಸಿದ ತಾಯಿತ ತಂದು ಅವಳ ತೋಳಿಗೆ ಕಟ್ಟಿದಳು. ಅಂದಿನಿಂದ ಗುಣುಗುಣು ನಿಂತಿತು. ಇದನ್ನು ನೀಲಕ್ಕನೇ ನಕ್ಕೋತ ಹೇಳಿದ್ದು, ಚೊಚ್ಚಲ ಬಾಣಂತನಕ್ಕೆ ಶಿಗ್ಗಾಂವಿಗೆ ಬಂದಾಗ.

ನಾನಾಗ ಮ್ಯಾಟ್ರಿಕ್ ಮುಗಿಸಿ, ಶಿಕ್ಷಕಿಯರ ಟ್ರೇನಿಂಗೂ ಮುಗಿಸಿದ್ದೆ. ಹಾನಗಲ್ಲಿನ ಅದೇ ಶಾಲೆಯಲ್ಲಿ ಜಾಗ ಮತ್ತೆ ಖಾಲಿಯಾಗಿತ್ತು. ಅದೇ ಚೇರ್ಮನ್ನರು, ಅದೇ ವಕೀಲರು. ನಾನು ಅರ್ಜಿ ಹಾಕುವುದಿಲ್ಲ ಎಂದೆ. ನೀಲಕ್ಕ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ತಲೆ ಎತ್ತದೆ ಹೇಳಿದಳು: “ಹಾಕು. ಅವರಿಗೆ ಬೇಕಾದ ಇಂಗ್ಲಿಷು ನಾ ಕಲಸತೇನಿ.”

ಆ ಬಾಣಂತಿ ಕೋಣೆಯಲ್ಲಿ, ಲೋಬಾನದ ಹೊಗೆಯ ನಡುವೆ ನನ್ನ ಪಾಠ ನಡೆಯಿತು. ಮೊದಲು ಅವಳು ಒಂದು ವಾಕ್ಯವನ್ನು ಡಾಕ್ಟರಬಾಯಿ ಆಡುತ್ತಿದ್ದ ಹಾಗೆ ಹೇಳುವಳು. ಅದು ಎಷ್ಟು ಹಗುರಾಗಿರುತ್ತಿತ್ತೆಂದರೆ ಕೂಸೂ ತಿರುಗಿ ನೋಡುತ್ತಿತ್ತು. ಆಮೇಲೆ ಅದನ್ನೇ ಕೆಡಿಸುವಳು. “ಇಲ್ಲಿ ಒಂದು ‘ಕೈಂಡ್ಲಿ’ ಹಾಕು. ಇಲ್ಲಿ ‘ಎಸ್ಟೀಮ್ಡ್’. ಹೂಂ, ಈಗ ಭಾರ ಆತು. ಇನ್ನೊಂದಿಷ್ಟ ಭಾರ ಮಾಡು.” ಸಾವಿನ ವಿಷಯ ಬಂದಾಗ, “ಯಾರ ಸತ್ರೂ ಸ್ವರ್ಗಕ್ಕ ಕಳಸು. ನರಕಕ್ಕ ಹೋಗಾವ್ರಿದ್ರೂ ಅದ ಮಾತು,” ಎಂದಳು. ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯಿತು. ಅವ್ವ ಹೊರಗಿನಿಂದ, “ಬಾಣಂತಿ ಹಿಂಗ ನಗಬಾರದು,” ಎಂದು ಬೈದಳು. ನಗು ನಿಂತ ಮೇಲೆ ನೀಲಕ್ಕ ಕೂಸಿನ ತಲೆಯ ಕುಂಚಿಗೆ ಬಿಚ್ಚಿ ಮತ್ತೆ ಕಟ್ಟಿದಳು.

ನೌಕರಿ ನನಗೆ ಸಿಕ್ಕಿತು. ವಕೀಲರು, “ಇದು ನೋಡ್ರಿ ಇಂಗ್ಲಿಷ್ ಅಂದ್ರ!” ಎಂದು ಚೇರ್ಮನ್ನರ ಕಡೆ ತಿರುಗಿದರು. ಆ ದಿನದಿಂದ ನಿವೃತ್ತಿಯವರೆಗೆ ನಾನು ಅದೇ ಇಂಗ್ಲಿಷನ್ನು ಕಲಿಸಿದೆ. ಹಾನಗಲ್ಲಿನಿಂದ ತಿಳವಳ್ಳಿಯತನಕ ಯಾರಾದರೂ ‘ಕೈಂಡ್ಲಿ ಡು ದಿ ನೀಡ್‌ಫುಲ್’ ಎಂದು ಬರೆದದ್ದು ಕಂಡರೆ ಅವರು ನನ್ನ ಕೈಯಲ್ಲಿ ಕಲಿತವರೆಂದು ತಿಳಿಯಿರಿ. ಅವರು ಆ ಇಂಗ್ಲಿಷಿನಿಂದಲೇ ನೌಕರಿ ಹಿಡಿದರು, ಮನೆ ಕಟ್ಟಿದರು. ಅದನ್ನು ಅಲ್ಲಗಳೆಯಲಾರೆ. ಆದರೂ ಪಾಠ ಮಾಡುವಾಗ ಒಮ್ಮೊಮ್ಮೆ ಅನಿಸುತ್ತಿತ್ತು: ಈ ಕುರ್ಚಿಯಲ್ಲಿ ನೀಲಕ್ಕ ಕುಳಿತಿದ್ದರೆ ಈ ಹುಡುಗಿಯರ ಬಾಯಲ್ಲಿ ಎಂಥ ಮಾತು ಬರುತ್ತಿತ್ತು?

ಅರವತ್ತರ ದಶಕದ ಕೊನೆಗೆ ಒಂದು ಬ್ಯಾಸಿಗೆ ಸೂಟಿಯಲ್ಲಿ ನಾನು ಹಿರೇಕೆರೂರಿನಲ್ಲಿದ್ದೆ. ಒಂದು ಮಧ್ಯಾಹ್ನ ಧೂಳು ತುಂಬಿದ ಮೋಟಾರು ಗಾಡಿಯೊಂದು ನೀಲಕ್ಕನ ಗಂಡ, ನಮ್ಮ ಮಾವನ ಅಂಗಡಿಯ ಮುಂದೆ ನಿಂತಿತು. ಒಳಗಿಂದ ಇಳಿದವರು ಬಿಳಿಯರು. ಗಡ್ಡದ ಹುಡುಗ, ಅವನ ತೋಳಿಗೆ ಜೋತುಬಿದ್ದ ಹುಡುಗಿ. ಓಣಿಯೇ ನೆರೆಯಿತು. ಮಾವ ಹೆಮ್ಮೆಯಿಂದ, “ತಡೀರಿ, ತಡೀರಿ. ನಮ್ಮ ಮನ್ಯಾಗ ಇಂಗ್ಲಿಷ್ ಟೀಚರ್ ಅದಾಳ,” ಎಂದು ನನ್ನನ್ನು ಕರೆದ. ಹೆಂಡತಿಯ ನೆನಪು ಅವನಿಗೆ ಆಗಲಿಲ್ಲ. ನನಗೂ ಆ ಗಡಿಬಿಡಿಯಲ್ಲಿ ಆಗಲಿಲ್ಲ.

ನಾನು ಸೆರಗು ಸರಿಮಾಡಿಕೊಂಡು, “ಮೇ ಐ ನೋ ದಿ ಪರ್ಪಸ್ ಆಫ್ ಯುವರ್ ಎಸ್ಟೀಮ್ಡ್ ವಿಸಿಟ್?” ಎಂದೆ. ಹುಡುಗ ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ಏನೋ ಗಡಗಡ ಹೇಳಿದ. ಒಂದೂ ತಿಳಿಯಲಿಲ್ಲ. ಮತ್ತೆ ಹೇಳಿದ. ಅವನ ಇಂಗ್ಲಿಷಿನಲ್ಲಿ ನಾನು ಕಲಿಸುವ ಒಂದು ಶಬ್ದವೂ ಇರಲಿಲ್ಲ. ಜನರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು. ಬೆವೆತುಹೋದೆ.

ಆಗ ಒಳಬಾಗಿಲ ಹಿಂದಿನಿಂದ ನೀಲಕ್ಕನ ದನಿ ಬಂತು, ಕನ್ನಡದಲ್ಲಿ: “ಆಕಿಗೆ ಜೀವಾ ಒಂಥರಾ ಆಗೇತಂತ. ಒಂದು ಗಳಿಗಿ ಅಡ್ಡಾಗಾಕ ಜಾಗಾ ಐತೇನಂತ ಕೇಳಾಕತ್ತಾನ.”

ನಾನು ಒಳಗೆ ಓಡಿದೆ. “ಅಕ್ಕಾ, ನೀನ ಬಂದು ಮಾತಾಡ.”

“ನಂಗೆಲ್ಲಿ ಬರತೈತಿ? ಕೇಳಿದ್ರ ತಿಳೀತೈತಿ ಅಷ್ಟ. ಬಾಯಿ ಹೊರಳೂದಿಲ್ಲ. ಎಲ್ಲಾ ಮರತೇನಿ,” ಎಂದಳು.

ಆದರೆ ಹೊರಗೆ ಬಂದು ಆ ಹುಡುಗಿಯ ಕೈ ಹಿಡಿದು ಒಳಗೆ ಕರೆದೊಯ್ದಳು. ನಡುಮನೆಯಲ್ಲಿ ಚಾಪೆ ಹಾಸಿ ಮಲಗಿಸಿದಳು, ಹಣೆಗೆ ತಣ್ಣೀರು ಹಚ್ಚಿದಳು, ಉಪ್ಪು ಹಾಕಿದ ಮಜ್ಜಿಗೆ ಕುಡಿಸಿದಳು. ಹುಡುಗಿಗೆ ಜೀವ ಬಂದಂತಾಗಿ ಮಲಗಿದಲ್ಲೇ ಮೆಲ್ಲಗೆ ಮಾತಾಡತೊಡಗಿದಳು. ಏನೇನೋ ಹೇಳಿದಳು, ಒಂದೆರಡು ಸಲ ಕಣ್ಣೊರೆಸಿಕೊಂಡಳು. ನೀಲಕ್ಕ ಬೀಸಣಿಕೆ ಬೀಸುತ್ತ ಕೇಳುತ್ತಿದ್ದಳು. ನಗುವ ಜಾಗಕ್ಕೆ ಸರಿಯಾಗಿ ನಕ್ಕಳು, ಅಯ್ಯೋ ಅನ್ನುವ ಜಾಗಕ್ಕೆ ಹುಬ್ಬು ಕುಗ್ಗಿಸಿದಳು. ತುಟಿ ಮಾತ್ರ ಬಿಚ್ಚಲಿಲ್ಲ. ಸಂಜೆ ಅವರು ಹೊರಟಾಗ ಹುಡುಗಿ ಅವಳ ಎರಡೂ ಕೈ ಹಿಡಿದು ಉದ್ದಕ್ಕೆ ಏನೋ ಹೇಳಿದಳು. ನೀಲಕ್ಕ ಒಳಗೆ ಹೋಗಿ ತೆಂಗಿನಕಾಯಿ, ಕುಬಸದ ಅರಿವೆ ತಂದು ಅವಳ ಉಡಿ ತುಂಬಿ ಕಳಿಸಿದಳು.

ಮರೆತದ್ದು ಖರೆಯೇ ಎಂದು ನಾನು ಎಂದೂ ಕೇಳಲಿಲ್ಲ. ಕೇಳಿದರೆ ಹಾನಗಲ್ಲಿನ ಆ ದಿನವನ್ನೂ, ನನ್ನ ನೌಕರಿಯನ್ನೂ ಎತ್ತಿ ಆಡಿದಂತಾದೀತು ಎಂದು ಅಂಜಿಕೆ. ಹೀಗೇ ವರ್ಷಗಳು ಹೋದವು. ಮಾವ ತೀರಿಕೊಂಡ. ಮಕ್ಕಳು, ಸೊಸೆಯರು, ಮೊಮ್ಮಕ್ಕಳ ಗದ್ದಲದ ನಡುವೆ ನೀಲಕ್ಕನಿಗೆ ಎಂಬತ್ತು ದಾಟಿತು.

ಮೊಮ್ಮಗಳ ಫೋನು ಆ ಮಾತು ಆಡಿದ ನಾಲ್ಕು ದಿನಕ್ಕೆ ನಾನು ತಿಳವಳ್ಳಿಯ ಮೇಲೆ ಹೋಗುವ ಬಸ್ಸು ಹಿಡಿದು ಹಿರೇಕೆರೂರಿಗೆ ಹೋದೆ. ನೀಲಕ್ಕ ಪಡಸಾಲೆಯಲ್ಲಿ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಒಂದು ಹಿಡಿ ತೆಗೆದುಕೊಂಡೆ. ಅದೂ ಇದೂ ಮಾತಾಡಿ ಕೊನೆಗೆ ಕೇಳಿಯೇಬಿಟ್ಟೆ.

“ಅಕ್ಕಾ, ಆ ಬಿಳೇ ಹುಡುಗಿ ಬಂದಿದ್ಲಲ್ಲ. ಆವತ್ತ ನೀ ಖರೇನ ಎಲ್ಲಾ ಮರತಿದ್ದೇನ?”

ಯಾವ ಹುಡುಗಿ ಎಂದು ಅವಳು ಕೇಳಲಿಲ್ಲ. ಕೈ ನಿಲ್ಲಿಸಲೂ ಇಲ್ಲ.

“ಮರತಿದ್ದಿಲ್ಲ. ನಾಲಿಗಿ ತುದಿಗೇ ಇತ್ತು. ಆಕಿ ಹೋಗೂ ಮುಂದ ಅಂತೂ ಹಲ್ಲ ಕಚ್ಚಿ ಹಿಡದೆ.”

“ಮತ್ತ ಯಾಕ ಆಡಲಿಲ್ಲ?”

“ಒಮ್ಮಿ ಆಡಿದ್ರ, ಆಮ್ಯಾಲೆ ಈ ಮನ್ಯಾಗ ಸುಮ್ಮನಿರಾಕ ಆಗತಿದ್ದಿಲ್ಲ, ತಂಗಿ.”

ಒಳಗೆ ಯಾವುದೋ ಕೂಸು ಅಳುತ್ತಿತ್ತು, ಯಾರೋ ಸಮಾಧಾನ ಮಾಡುತ್ತಿದ್ದರು. ಈಗ ಯಾರ ಅಂಜಿಕೆ ಇದೆ, ಈಗ ಆಡು, ಒಂದೇ ಒಂದು ಮಾತು, ನಾನು ಕೇಳುತ್ತೇನೆ ಎಂದು ಹಟ ಹಿಡಿದೆ. ನೀಲಕ್ಕ ಸಿಪ್ಪೆಯ ಬುಟ್ಟಿ ಪಕ್ಕಕ್ಕೆ ಸರಿಸಿದಳು. ನೆಟ್ಟಗೆ ಕುಳಿತಳು. ಕಣ್ಣು ಮುಚ್ಚಿದಳು. ತುಟಿ ಅಲುಗಿತು, ನಿಂತಿತು, ಮತ್ತೆ ಅಲುಗಿತು. ನಾನು ಕಾದೆ.

ಬಹಳ ಹೊತ್ತಿನ ಮೇಲೆ ಕಣ್ಣು ತೆರೆದು ನನ್ನನ್ನು ನೋಡಿ ನಕ್ಕಳು. ಪಾಠ ಒಪ್ಪಿಸಲು ನಿಂತು ಮರೆತುಹೋದ ಹುಡುಗಿಯ ನಗುವಿನ ಹಾಗಿತ್ತು ಅದು.

“ಇಲ್ಲ. ಈಗ ಖರೇನ ಮರತೇನಿ,” ಎಂದಳು.